ಯಾರ ಕಣ್ಣಿಗೆ ರ‍್ಯಾಂಡಮ್?

(ವಿದ್ಯಾರ್ಥಿಗಳು ಮತ್ತು ಆಸಕ್ತರ ಎದುರು ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನು ತೆಗೆದಿಲ್ಲ. ಮಾತು ತಿರುಗಿದ್ದೇ ಅವುಗಳಿಂದ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ. ನನ್ನ ಹತ್ತಿರ ನಾಲ್ಕು ಕವಡೆ ಇವೆ. ಇವು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೂ ಹೋಗಲಿ. ಒಬ್ಬೊಬ್ಬರು ಒಂದೊಂದು ಸಲ ಹಾಕಿ, ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವು ಅಂತ ಚೀಟಿಯಲ್ಲಿ ಬರೆಯಿರಿ. ಚೌಕಾಬಾರ ಆಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಕವಡೆ ಒಂದು ಸುತ್ತು ಬರುವಷ್ಟರಲ್ಲಿ ವಿಷಯ ಹೇಳಿಬಿಡುತ್ತೇನೆ. ಪಠ್ಯಪುಸ್ತಕದಲ್ಲಿ ಯಾದೃಚ್ಛಿಕತೆ ಎಂಬ ಪದ ಇದೆ. ನಾನು ರ‍್ಯಾಂಡಮ್ ಅಂತಲೇ ಹೇಳುತ್ತೇನೆ, ನಾವೆಲ್ಲ ಹಾಗೇ ಅಲ್ವಾ ಹೇಳುವುದು. ಕಂಪ್ಯೂಟರ್ ಎಂದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಯಂತ್ರ. ಅಂಥ ಯಂತ್ರಕ್ಕೆ ಕವಡೆ ಹಾಕುವ ಅಗತ್ಯ ಯಾಕೆ ಬಂತು? ಬಂದರೆ, ಆ ಕವಡೆ ಎಷ್ಟು ಚೆನ್ನಾಗಿರಬೇಕು? ಈ ಎರಡನೇ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಹಿಡಿದಿಟ್ಟಿದೆ. ಇವತ್ತು ನಿಮ್ಮ ಮುಂದೆ ಇಡಬೇಕು ಅಂತ ಬಂದಿರುವುದೂ ಅದನ್ನೇ.

ಚೀಟಿಗಳು ಬಂದವು. ನೋಡಿ, ಬಾಯಿ ಮತ್ತು ಬೆನ್ನು ಸಮ ಬಿದ್ದಿಲ್ಲ. ಬೀಳಬೇಕಾಗಿಯೂ ಇಲ್ಲ. ಕವಡೆಯ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳು. ಒಂದೊಂದು ಕವಡೆಯ ಒಲವೂ ಬೇರೆ ಬೇರೆ. ಹಾಗಾದರೆ ಇಂಥ ಓರೆ ಕವಡೆಯಿಂದ ಸರಿಸಮ ಫಲ ತೆಗೆಯಬಹುದಾ? ತೆಗೆಯಬಹುದು. ಗಣಿತಜ್ಞ ಜಾನ್ ವಾನ್ ನಾಯ್ಮನ್ 1951ರಲ್ಲಿ ಬರೆದ ಉಪಾಯ ಇದು. ಒಂದೇ ಕವಡೆಯನ್ನು ಎರಡು ಸಲ ಹಾಕಿ. ಮೊದಲು ಬಾಯಿ, ಆಮೇಲೆ ಬೆನ್ನು ಬಂದರೆ 0 ಎಂದು ಬರೆಯಿರಿ. ಮೊದಲು ಬೆನ್ನು, ಆಮೇಲೆ ಬಾಯಿ ಬಂದರೆ 1. ಎರಡೂ ಒಂದೇ ಬಂದರೆ ಆ ಜೋಡಿಯನ್ನು ಬಿಟ್ಟು ಮತ್ತೆ ಹಾಕಿ. ನೂರಕ್ಕೆ 60 ಸಲ ಬಾಯಿ ಬೀಳುವ ಕವಡೆ ಎಂದುಕೊಳ್ಳಿ. ಬಾಯಿ-ಬೆನ್ನು ಬರುವ ಸಂಭವ 0.6 × 0.4, ಅಂದರೆ 0.24. ಬೆನ್ನು-ಬಾಯಿ ಬರುವುದು 0.4 × 0.6, ಅದೂ 0.24. ನೂರರಲ್ಲಿ 52 ಜೋಡಿ ಕೈಬಿಟ್ಟು ಹೋಗುತ್ತವೆ. ಉಳಿದ 48ರಲ್ಲಿ ಎರಡು ಕಡೆಯೂ ಸಮಪಾಲು. ಕವಡೆಯ ಓರೆ ಎಷ್ಟು ಅಂತ ನಮಗೆ ಗೊತ್ತಿರಬೇಕಾದ್ದೂ ಇಲ್ಲ.

ಇಲ್ಲಿ ಎರಡನೇ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ನಮ್ಮ ಅಜ್ಜಿ ಬೇಕಾದ ಗರ ಬೀಳಿಸುತ್ತಿದ್ದರು. ಅವರ ಕೈಯಲ್ಲಿ ಈ ಉಪಾಯ ನಡೆಯುತ್ತಾ?"

ನಡೆಯುವುದಿಲ್ಲ. ಬಹಳ ಒಳ್ಳೆಯ ಪ್ರಶ್ನೆ ಇದು. ಒಂದು ಸಲ ಹಾಕಿದ್ದಕ್ಕೂ ಮುಂದಿನ ಸಲಕ್ಕೂ ಸಂಬಂಧ ಇಲ್ಲ ಎಂದು ನಂಬಿಕೊಂಡು ವಾನ್ ನಾಯ್ಮನ್ ಲೆಕ್ಕ ಹಾಕಿದ್ದು. ಅಜ್ಜಿ ಹಾಗಲ್ಲ. ಹಿಂದೆ ಏನು ಬಿತ್ತು ನೋಡಿ, ಮುಂದೆ ಏನು ಬೇಕು ಅಂತ ಯೋಚಿಸಿ, ಕೈ ಸ್ವಲ್ಪ ತಿರುಗಿಸುತ್ತಾರೆ. ಪೂರ್ತಿ ಹಿಡಿತ ಇಲ್ಲದಿದ್ದರೂ ಸ್ವಲ್ಪ ಹಿಡಿತ ಇದೆ. ಈ ಅಜ್ಜಿಯನ್ನು ನೆನಪಿಟ್ಟುಕೊಳ್ಳಿ. ಇವರ ಹತ್ತಿರ ಮತ್ತೆ ಬರುತ್ತೇನೆ.

ಈಗ ಲೆಕ್ಕ ಮಾಡುವವನಿಗೆ ಕವಡೆ ಯಾಕೆ ಬೇಕು ಅನ್ನುವ ಪ್ರಶ್ನೆ. ಹಲಗೆ ಮೇಲೆ ಬರೆಯುತ್ತೇನೆ.

(ಅ+1)(ಅ+2)(ಅ+3) = ಅ³ + 6ಅ² + 11ಅ + 6

ಇದು ಸರಿಯಾ? ಬಿಡಿಸಿ ನೋಡಬಹುದು. ಆದರೆ ಆವರಣಗಳು ಮೂರರ ಬದಲು ಮುನ್ನೂರಿದ್ದು, ಅಕ್ಷರಗಳೂ ಹತ್ತಾರು ಇದ್ದರೆ ಬಿಡಿಸುತ್ತಾ ಕೂತರೆ ಆಯಸ್ಸು ಸಾಲದು. ಸುಲಭದ ದಾರಿ ಎಂದರೆ ಅ ಜಾಗದಲ್ಲಿ ಒಂದು ಸಂಖ್ಯೆ ಇಟ್ಟು ನೋಡುವುದು. 10 ಇಡೋಣ. ಎಡಗಡೆ 11 × 12 × 13, ಅಂದರೆ 1716. ಬಲಗಡೆ 1000 + 600 + 110 + 6, ಅದೂ 1716. ತಾಳೆ ಆಯಿತು.

ಈಗ ನಾನು ನಿಮಗೆ ಮೋಸ ಮಾಡಬೇಕೆಂದಿದ್ದೇನೆ ಎಂದುಕೊಳ್ಳಿ. ನೀವು ಯಾವಾಗಲೂ 10 ಇಟ್ಟೇ ನೋಡುತ್ತೀರಿ ಅಂತ ನನಗೆ ಗೊತ್ತು. ಬಲಗಡೆ ಅ³ + 5ಅ² + 21ಅ + 6 ಎಂದು ಬರೆದುಕೊಡುತ್ತೇನೆ. ನೀವು 10 ಇಡುತ್ತೀರಿ. 1000 + 500 + 210 + 6. ಮತ್ತೆ 1716! ಸಮೀಕರಣ ತಪ್ಪು, ನಿಮ್ಮ ತಾಳೆ ಸರಿ. ಎರಡೂ ಬಲಗಡೆಗಳನ್ನು ಕಳೆದರೆ ಉಳಿಯುವುದು ಅ(ಅ−10). ಅದು 0 ಮತ್ತು 10, ಈ ಎರಡೇ ಕಡೆ ಸೊನ್ನೆ ಆಗುತ್ತದೆ. ಬೇರೆ ಯಾವ ಸಂಖ್ಯೆ ಇಟ್ಟಿದ್ದರೂ ನನ್ನ ಮೋಸ ಸಿಕ್ಕಿಬೀಳುತ್ತಿತ್ತು. ನೀವು 1ರಿಂದ 1000ದ ಒಳಗೆ ಒಂದನ್ನು ಕಣ್ಣುಮುಚ್ಚಿ ಆರಿಸಿದ್ದರೆ ನಾನು ತಪ್ಪಿಸಿಕೊಳ್ಳುವ ಸಂಭವ ಸಾವಿರಕ್ಕೆ ಒಂದು.

ಸ್ವಲ್ಪ ನಿಂತು ಇದನ್ನು ನೋಡಿ. 10 ಎಂಬ ಸಂಖ್ಯೆಯಲ್ಲಿ ಏನೂ ಕೊರತೆ ಇರಲಿಲ್ಲ. 637 ಎಂಬ ಸಂಖ್ಯೆಯಲ್ಲಿ ಏನೂ ವಿಶೇಷವೂ ಇಲ್ಲ. ವ್ಯತ್ಯಾಸ ಎಲ್ಲಿದೆ ಎಂದರೆ ಎದುರಾಳಿಗೆ ಏನು ಮೊದಲೇ ಗೊತ್ತಿತ್ತು ಅನ್ನುವುದರಲ್ಲಿ. ರ‍್ಯಾಂಡಮ್ ಅನ್ನುವುದು ಸಂಖ್ಯೆಯ ಗುಣ ಅಂತ ನಾವು ತಿಳಿದಿರುತ್ತೇವೆ. ನಾನು ಹೇಳುವುದಿಷ್ಟು: ಅದು ಸಂಖ್ಯೆಯ ಗುಣ ಅಲ್ಲ. ಸಂಖ್ಯೆಗೂ ಅದನ್ನು ನೋಡುತ್ತಿರುವವನಿಗೂ ನಡುವಿನ ಸಂಬಂಧ. 1955ರಲ್ಲಿ ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್ ಹತ್ತು ಲಕ್ಷ ರ‍್ಯಾಂಡಮ್ ಅಂಕಿಗಳನ್ನು ಅಚ್ಚು ಹಾಕಿಸಿ ಪುಸ್ತಕ ಮಾಡಿತು. ಸಮೀಕ್ಷೆ ಮಾಡುವವರಿಗೆ, ಭೌತಶಾಸ್ತ್ರದ ಲೆಕ್ಕ ಮಾಡುವವರಿಗೆ ಅದು ತುಂಬಾ ಉಪಯೋಗಕ್ಕೆ ಬಂತು. ಅದೇ ಅಂಕಿಗಳನ್ನು ನಿಮ್ಮ ಬ್ಯಾಂಕ್ ಖಾತೆಯ ಕೀಲಿಯಾಗಿ ಬಳಸಿದರೆ? ಪುಸ್ತಕ ಇದ್ದವರ ಕೈಯಲ್ಲೆಲ್ಲ ಕೀಲಿ ಇದ್ದ ಹಾಗೆ. ಅಂಕಿಗಳು ಬದಲಾಗಿಲ್ಲ, ನೋಡುವವನು ಬದಲಾಗಿದ್ದಾನೆ.

ಹಾಗಾಗಿ ಕವಡೆ ಬೇಕಾದವರು ಇಬ್ಬರು. ಒಬ್ಬ ಲೆಕ್ಕದವನು, ಇನ್ನೊಬ್ಬ ಗುಟ್ಟು ಕಾಯುವವನು. ಲೆಕ್ಕದವನ ಎದುರಿಗಿರುವುದು ಒಂದು ಸಮಸ್ಯೆ. ಅವನು ಕವಡೆ ಹಾಕುವ ಮೊದಲೇ ಅದು ಕಾಗದದ ಮೇಲೆ ಬರೆದಾಗಿದೆ. ಕವಡೆ ಹೇಗೆ ಬಿತ್ತು ನೋಡಿ ಅದು ತನ್ನನ್ನು ಬದಲಾಯಿಸಿಕೊಳ್ಳುವುದಿಲ್ಲ. ಗುಟ್ಟು ಕಾಯುವವನ ಎದುರಿಗೆ ಮನುಷ್ಯನಿದ್ದಾನೆ. ಅವನಿಗೆ ಕಣ್ಣಿದೆ, ತಾಳ್ಮೆ ಇದೆ, ಯಂತ್ರಗಳಿವೆ.

ಈಗ ಅಜ್ಜಿಯ ಹತ್ತಿರ ವಾಪಸ್ ಹೋಗೋಣ. 1984ರಲ್ಲಿ ಮಿಕ್ಲೋಶ್ ಶಾಂತಾ ಮತ್ತು ಉಮೇಶ್ ವಜಿರಾನಿ ಇಂಥದ್ದೇ ಕೈಚಳಕಕ್ಕೆ ಗಣಿತದ ರೂಪ ಕೊಟ್ಟರು. ಪ್ರತಿ ಸಲವೂ ಫಲ ಸ್ವಲ್ಪ ಓರೆ. ಆ ಓರೆ ಯಾವ ಕಡೆಗೆ ಅನ್ನುವುದು ಹಿಂದೆ ಬಿದ್ದದ್ದರ ಮೇಲೆ ನಿಂತಿದೆ. ಇಂಥ ಒಬ್ಬ ಅಜ್ಜಿಯಿಂದ ಎಷ್ಟೇ ಗರ ತೆಗೆದುಕೊಂಡರೂ, ಯಾವುದೇ ಸೂತ್ರ ಹಚ್ಚಿದರೂ, ಸರಿಸಮವಾದ ಒಂದೇ ಒಂದು ಬಿಟ್, ಅಂದರೆ ಒಂದು 0 ಅಥವಾ 1, ಕೂಡ ತೆಗೆಯಲಾಗುವುದಿಲ್ಲ ಎಂದು ಅವರು ಸಾಧಿಸಿದರು. ಒಂದೇ ಒಂದು! ನಾನು ಮೊದಲ ಸಲ ಆ ಸಾಧನೆ ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಇಬ್ಬರು ಅಜ್ಜಿಯರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರ ಗರ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಮಾಡಿದರೆ, ಇಬ್ಬರದನ್ನೂ ಬೆರೆಸಿ ಒಳ್ಳೆಯ ಬಿಟ್ ತೆಗೆಯಬಹುದು. ಆ ಅಜ್ಜಿಯರು ಎಷ್ಟು ಕೆಟ್ಟವರಾದರೂ ನಡೆಯುತ್ತದೆ ಅನ್ನುವ ಪ್ರಶ್ನೆ ಮೂವತ್ತು ವರ್ಷ ಎಳೆಯಿತು. ಏಷಾನ್ ಚಟ್ಟೋಪಾಧ್ಯಾಯ ಮತ್ತು ಡೇವಿಡ್ ಜುಕರ್‌ಮನ್ 2016ರಲ್ಲಿ ಪ್ರಕಟಿಸಿದ ಕೆಲಸ ಅದರಲ್ಲಿ ದೊಡ್ಡ ಜಿಗಿತ.

ಒಬ್ಬಳೇ ಅಜ್ಜಿ ಸಿಕ್ಕಿದರೆ ನಮ್ಮ ಇಬ್ಬರ ಗತಿ ಏನು? ಲೆಕ್ಕದವನಿಗೆ ತೊಂದರೆ ಇಲ್ಲ. ಒಂದು ಬಿಟ್ ಕೂಡ ಶುದ್ಧ ಮಾಡಲಾಗದಿದ್ದರೂ, ರ‍್ಯಾಂಡಮ್ ಬಳಸಿ ಬೇಗ ಮಾಡುವ ಲೆಕ್ಕಗಳನ್ನೆಲ್ಲ ಅವಳ ಕೆಟ್ಟ ಗರಗಳಿಂದಲೇ ಮಾಡಬಹುದು ಎಂದು ಉಮೇಶ್ ಮತ್ತು ವಿಜಯ್ ವಜಿರಾನಿ ಸಹೋದರರು 1985ರಲ್ಲಿ ತೋರಿಸಿದರು. ಗುಟ್ಟು ಕಾಯುವವನಿಗೆ ಈ ಭಾಗ್ಯ ಇಲ್ಲ. 2004ರಲ್ಲಿ ದೋದಿಸ್, ಓಂಗ್, ಮನೋಜ್ ಪ್ರಭಾಕರನ್ ಮತ್ತು ಅಮಿತ್ ಸಹಾಯ್ ಸಾಧಿಸಿದ್ದು ಇದು: ಆ ಅಜ್ಜಿಯ ಗರ ಮಾತ್ರ ಇದ್ದರೆ ಸಂದೇಶ ಮುಚ್ಚಿಡುವುದು, ರಹಸ್ಯ ಹಂಚುವುದು, ಗುಟ್ಟು ಬಿಡದೆ ಸಾಧಿಸಿ ತೋರಿಸುವುದು, ಯಾವುದೂ ಆಗುವುದಿಲ್ಲ. ಎದುರಾಳಿಯ ಶಕ್ತಿ ಕಡಿಮೆ ಎಂದುಕೊಂಡರೂ ಆಗುವುದಿಲ್ಲ. ಕೆಲವು ಊಹೆಗಳನ್ನು ಒಪ್ಪಿದರೆ ಡಿಜಿಟಲ್ ಸಹಿ ಮಾತ್ರ ಉಳಿದುಕೊಳ್ಳುತ್ತದೆ. ಸಹಿಗೆ ಬೇಕಾದ್ದು ಇಷ್ಟೇ, ಬೇರೆಯವರು ಅದನ್ನು ಊಹಿಸಲಾಗಬಾರದು. ಗುಟ್ಟಿಗೆ ಅದು ಸಾಲದು. ಎರಡು ಸಂದೇಶಗಳಲ್ಲಿ ಯಾವುದು ಒಳಗಿದೆ ಎಂಬ ಸಣ್ಣ ಸುಳಿವೂ ಹೊರಗೆ ಬರಬಾರದು.

ಆ ಸುಳಿವು ಅಂದರೆ ಏನು ಅಂತ ಒಂದು ಉದಾಹರಣೆ. ಈಗಿನ ವ್ಯವಸ್ಥೆಯಲ್ಲಿ ಬೀಗ ಹಾಕುವ ಕೀಲಿ ಎಲ್ಲರಿಗೂ ಗೊತ್ತಿರುತ್ತದೆ, ತೆಗೆಯುವ ಕೀಲಿ ಒಬ್ಬರ ಹತ್ತಿರ ಮಾತ್ರ. ನೀವು ಒಬ್ಬರಿಗೆ "ಹೌದು" ಅಥವಾ "ಬೇಡ" ಎಂಬ ಒಂದೇ ಪದವನ್ನು ಬೀಗ ಹಾಕಿ ಕಳಿಸುತ್ತೀರಿ. ಕದ್ದು ನೋಡುವವನು ಬೀಗ ಒಡೆಯಬೇಕಾಗಿಯೇ ಇಲ್ಲ. ತಾನೇ "ಹೌದು" ಎಂಬುದಕ್ಕೆ ಬೀಗ ಹಾಕುತ್ತಾನೆ, "ಬೇಡ" ಎಂಬುದಕ್ಕೂ ಹಾಕುತ್ತಾನೆ, ನಿಮ್ಮದು ಯಾವುದಕ್ಕೆ ಹೋಲುತ್ತದೆ ನೋಡುತ್ತಾನೆ. ಮುಗಿಯಿತು. ಇದನ್ನು ತಡೆಯಲು ಒಂದೇ ದಾರಿ. ಅದೇ ಪದಕ್ಕೆ ಪ್ರತಿ ಸಲ ಬೀಗ ಹಾಕಿದಾಗಲೂ ಹೊಸ ರೂಪ ಬರಬೇಕು, ಅಂದರೆ ಪ್ರತಿ ಸಲ ಹೊಸದಾಗಿ ಕವಡೆ ಹಾಕಬೇಕು. ಶಾಫಿ ಗೋಲ್ಡ್‌ವಾಸರ್ ಮತ್ತು ಸಿಲ್ವಿಯೋ ಮಿಕಾಲಿ 1982ರಲ್ಲಿ ಇದನ್ನು ಹೇಳಿದಾಗ ಇಬ್ಬರೂ ಬರ್ಕ್ಲಿಯಲ್ಲಿ ಇನ್ನೂ ವಿದ್ಯಾರ್ಥಿಗಳು. ಇವತ್ತಿನ ಗೂಢಲಿಪಿ ಶಾಸ್ತ್ರ ನಿಂತಿರುವುದು ಅದರ ಮೇಲೆ.

ಇಷ್ಟೊಂದು ಕವಡೆ ಎಲ್ಲಿಂದ ತರುವುದು? ಸಂದೇಶ ಎಷ್ಟು ಉದ್ದವೋ ಕೀಲಿಯೂ ಅಷ್ಟೇ ಉದ್ದ ಇರಬೇಕು, ಒಂದು ಸಲ ಮಾತ್ರ ಬಳಸಬೇಕು, ಆಗ ಮಾತ್ರ ಪೂರ್ಣ ಗುಟ್ಟು ಎಂದು ಕ್ಲಾಡ್ ಶ್ಯಾನನ್ 1949ರಲ್ಲಿ ಸಾಧಿಸಿದ್ದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೋವಿಯತ್ ಒಕ್ಕೂಟ ಅಂಥ ಕೀಲಿಗಳ ಹಾಳೆಗಳನ್ನೇ ಬಳಸುತ್ತಿತ್ತು. 1942ರಲ್ಲಿ ಕೆಲವು ಹಾಳೆಗಳು ಎರಡೆರಡು ಪ್ರತಿ ಅಚ್ಚಾಗಿ, ಎರಡೂ ಬಳಕೆಗೆ ಹೋದವು. ಅಷ್ಟು ಸಾಕಾಯಿತು. ಅಮೆರಿಕದವರು ವೆನೋನಾ ಎಂಬ ಹೆಸರಿನಲ್ಲಿ ದಶಕಗಳ ಕಾಲ ಕೂತು ಆ ಸಂದೇಶಗಳಲ್ಲಿ ಎಷ್ಟೋ ಬಿಡಿಸಿದರು.

ಶ್ಯಾನನ್ ಹಾಕಿದ ಗೆರೆಯನ್ನು ದಾಟುವುದಕ್ಕೆ "ನೋಡುವವನು ಯಾರು" ಎಂಬ ಪ್ರಶ್ನೆಯೇ ಕೈ ಹಿಡಿಯಿತು. ಶ್ಯಾನನ್ನರ ಎದುರಾಳಿಗೆ ಎಷ್ಟು ಹೊತ್ತು ಬೇಕಾದರೂ ಇದೆ. ನಿಜವಾದ ಎದುರಾಳಿಗೆ ಇಲ್ಲ. ಮ್ಯಾನುಯೆಲ್ ಬ್ಲಮ್, ಮಿಕಾಲಿ ಮತ್ತು ಆಂಡ್ರ್ಯೂ ಯಾವೊ 1982ರಲ್ಲಿ ಕಂಡುಕೊಂಡದ್ದು ಇದನ್ನು. ಒಂದು ಸಣ್ಣ ರ‍್ಯಾಂಡಮ್ ಬೀಜ ತೆಗೆದುಕೊಳ್ಳಿ. ಬಿಡಿಸಲು ಕಷ್ಟವಾದ ಒಂದು ಗಣಿತದ ಸಮಸ್ಯೆಯ ನೆರವಿನಿಂದ ಅದನ್ನು ಉದ್ದವಾಗಿ ಬೆಳೆಸಿ. ಬಂದ ಸಾಲಿನಲ್ಲಿ ಮುಂದಿನ ಬಿಟ್ ಊಹಿಸಲು ಯಾರಿಗೂ ಸಮಯ ಸಾಲದೆ ಹೋದರೆ, ಆ ಸಾಲನ್ನು ನಿಜವಾದ ರ‍್ಯಾಂಡಮ್‌ನಿಂದ ಬೇರೆ ಮಾಡಿ ಗುರುತಿಸುವ ಯಾವ ಪರೀಕ್ಷೆಯೂ ಅಷ್ಟು ಸಮಯದಲ್ಲಿ ಇರುವುದಿಲ್ಲ ಎಂದು ಯಾವೊ ಸಾಧಿಸಿದರು. ಎಲ್ಲ ತಿಳಿದ ದೇವರ ಕಣ್ಣಿಗೆ ಅದು ರ‍್ಯಾಂಡಮ್ ಅಲ್ಲವೇ ಅಲ್ಲ. ಆಯಸ್ಸು ಇಷ್ಟೇ ಇರುವ ನಮ್ಮ ಕಣ್ಣಿಗೆ ಅದು ಪೂರ್ತಿ ರ‍್ಯಾಂಡಮ್. ನಿಮ್ಮ ಫೋನು ದಿನವಿಡೀ ಬಳಸುವುದು ಇಂಥದ್ದನ್ನೇ.

ಆದರೆ ಬೀಜ ಕೆಟ್ಟರೆ ಬೆಳೆಯೂ ಕೆಟ್ಟಂತೆ. 2006ರಲ್ಲಿ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಒಂದು ಸಾಲನ್ನು ತೆಗೆದುಹಾಕಿದರು. ಪರೀಕ್ಷಿಸುವ ಸಲಕರಣೆ ಆ ಸಾಲಿನ ಬಗ್ಗೆ ಎಚ್ಚರಿಕೆ ಕೊಡುತ್ತಿತ್ತು, ಸರಿಮಾಡಲು ಹೋದರು. ಬೀಜಕ್ಕೆ ರ‍್ಯಾಂಡಮ್ ಬೆರೆಯುತ್ತಿದ್ದುದೇ ಆ ಸಾಲಿನಿಂದ. ಕೊನೆಗೆ ಬೀಜದಲ್ಲಿ ಉಳಿದದ್ದು ಪ್ರೋಗ್ರಾಮ್‌ನ ಕ್ರಮಸಂಖ್ಯೆ ಮಾತ್ರ. ಅದಕ್ಕೆ ಇದ್ದ ಗರಿಷ್ಠ ಬೆಲೆ 32,768. ಆಕಾಶದ ನಕ್ಷತ್ರಗಳಿಗಿಂತ ಜಾಸ್ತಿ ಇರಬೇಕಾದ ಕೀಲಿಗಳು ಒಂದು ಸಣ್ಣ ಊರಿನ ಜನಸಂಖ್ಯೆಯಷ್ಟಾದವು. 2008ರ ಮೇ ತಿಂಗಳವರೆಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಒಂದು ಕೀಲಿಯನ್ನು ಕೈಯಲ್ಲಿ ಹಿಡಿದು ಎಷ್ಟು ನೋಡಿದರೂ ಅದರಲ್ಲಿ ದೋಷ ಕಾಣುವುದಿಲ್ಲ.

ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತ ಇಷ್ಟ. ಅದರಲ್ಲಿ ಯೂಕ್ಲಿಡ್ ಬರುತ್ತಾನೆ. ಆರ್‌ಎಸ್‌ಎ ಎಂಬ ಬೀಗದ ವಿಧಾನದಲ್ಲಿ ಕೀಲಿ ಎಂದರೆ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಗುಣಲಬ್ಧ ಎಲ್ಲರಿಗೂ ಗೊತ್ತು, ಅಪವರ್ತನಗಳು ಗುಟ್ಟು. ಬಿಡಿಸುವುದು ಬಹಳ ಕಷ್ಟ. ಆದರೆ ಇಬ್ಬರ ಕೀಲಿಗಳಲ್ಲಿ ಒಂದು ಅಪವರ್ತನ ಒಂದೇ ಆಗಿದ್ದರೆ? 143 ಮತ್ತು 187 ತೆಗೆದುಕೊಳ್ಳಿ. 187ರಲ್ಲಿ 143 ಕಳೆದರೆ 44. 143ರಲ್ಲಿ 44ನ್ನು ಮೂರು ಸಲ ಕಳೆದರೆ 11. 44ರಲ್ಲಿ 11 ಸರಿಯಾಗಿ ನಾಲ್ಕು ಸಲ. ಮಹತ್ತಮ ಸಾಮಾನ್ಯ ಅಪವರ್ತನ 11. ಹಾಗಾದರೆ 143 ಎಂದರೆ 11 × 13, 187 ಎಂದರೆ 11 × 17. ಯೂಕ್ಲಿಡ್ ಹೇಳಿದ, ನಾವು ಶಾಲೆಯಲ್ಲಿ ಕಲಿತ ಮ.ಸಾ.ಅ. ಎರಡೂ ಬೀಗಗಳನ್ನು ಒಟ್ಟಿಗೇ ತೆಗೆದುಬಿಟ್ಟಿತು. ಸಂಖ್ಯೆಗಳು ಮುನ್ನೂರು ಅಂಕಿಯವಾದರೂ ಇದು ಕ್ಷಣದ ಕೆಲಸ.

2012ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಜೊತೆಗಾರರು ಇಡೀ ಇಂಟರ್ನೆಟ್ ಜಾಲಾಡಿ ಲಕ್ಷಾಂತರ ಕೀಲಿಗಳನ್ನು ಒಟ್ಟುಮಾಡಿದರು. ಎಲ್ಲ ಜೋಡಿಗಳಿಗೂ ಮ.ಸಾ.ಅ. ಹಾಕಿದರು. ಅವರು ನೋಡಿದ ಟಿಎಲ್‌ಎಸ್ ಯಂತ್ರಗಳಲ್ಲಿ, ಅಂದರೆ ವೆಬ್ ಸಂಪರ್ಕಕ್ಕೆ ಬೀಗ ಹಾಕುವ ಯಂತ್ರಗಳಲ್ಲಿ, ಶೇ 0.5ರಷ್ಟರ ಗುಟ್ಟಿನ ಕೀಲಿ ಕೈಗೆ ಬಂತು. ಅವುಗಳಲ್ಲಿ ಹೆಚ್ಚಿನವು ರೌಟರ್, ಫೈರ್‌ವಾಲ್‌ನಂಥ ಸಣ್ಣ ಪೆಟ್ಟಿಗೆಗಳು. ಡಬ್ಬಿ ಬಿಚ್ಚಿ ಮೊದಲ ಸಲ ಸ್ವಿಚ್ ಹಾಕಿದ ಕೂಡಲೇ ಕೀಲಿ ತಯಾರಿಸುತ್ತವೆ. ಆ ಹೊತ್ತಿಗೆ ಅವಕ್ಕೆ ಮೌಸ್ ಇಲ್ಲ, ಕೀಲಿಮಣೆಯಿಲ್ಲ, ಹೊರಗಿನ ಸದ್ದು ಇನ್ನೂ ತಾಕಿಲ್ಲ. ಒಂದೇ ಕಾರ್ಖಾನೆಯ ಅವಳಿ ಪೆಟ್ಟಿಗೆಗಳು ಒಂದೇ ಬೀಜದಿಂದ ಹೊರಟು ಒಂದೇ ಅವಿಭಾಜ್ಯ ಸಂಖ್ಯೆ ಆರಿಸಿಕೊಂಡವು. ಅಲ್ಗಾರಿದಮ್‌ನಲ್ಲಿ, ಅಂದರೆ ಲೆಕ್ಕ ಮಾಡುವ ಕ್ರಮದಲ್ಲಿ, ಒಂದು ಅಕ್ಷರವೂ ತಪ್ಪಿರಲಿಲ್ಲ.

ಇವು ಅರಿಯದೆ ಆದ ತಪ್ಪುಗಳು. ಬೇಕೆಂದೇ ಮಾಡಿದರೆ? ಶಕುನಿಯ ದಾಳ ನಿಮಗೆ ಗೊತ್ತೇ ಇದೆ. ಧರ್ಮರಾಯನ ಕಣ್ಣಿಗೆ ಅದು ದಾಳ, ಶಕುನಿಯ ಕಣ್ಣಿಗೆ ಅದು ಮೊದಲೇ ಬರೆದಿಟ್ಟ ಪಟ್ಟಿ. 2006ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಒಪ್ಪಿದ ರ‍್ಯಾಂಡಮ್ ವಿಧಾನಗಳಲ್ಲಿ ಡ್ಯುಯಲ್ ಇಸಿ ಎಂಬುದೂ ಒಂದು. ಅದರಲ್ಲಿ ಎರಡು ಸ್ಥಿರ ಬಿಂದುಗಳಿದ್ದವು. ಅವೆರಡರ ನಡುವಿನ ಸಂಬಂಧ ಗೊತ್ತಿದ್ದವರು ಮೂವತ್ತು ಚಿಲ್ಲರೆ ಬೈಟ್ ನೋಡಿದರೆ ಸಾಕು, ಮುಂದೆ ಬರುವುದನ್ನೆಲ್ಲ ಹೇಳಬಹುದು ಎಂದು 2007ರಲ್ಲಿ ಡ್ಯಾನ್ ಶುಮೋ ಮತ್ತು ನೀಲ್ಸ್ ಫರ್ಗ್ಯೂಸನ್ ತೋರಿಸಿದರು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬವರು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಯ ಗುಟ್ಟಿನ ಕಾಗದಗಳನ್ನು ಹೊರತಂದ ನಂತರ ಎಲ್ಲರ ಬೆರಳೂ ಆ ಸಂಸ್ಥೆಯ ಕಡೆಗೆ ತಿರುಗಿತು. 2014ರಲ್ಲಿ ನಿಸ್ಟ್ ಅದನ್ನು ಕೈಬಿಟ್ಟಿತು.

"ಹಾಗಾದರೆ ನನ್ನ ಫೋನಿನ ಕವಡೆ ಸರಿ ಇದೆಯಾ ಅಂತ ಹೇಗೆ ತಿಳಿಯುವುದು?" ಎಂದು ಹಿರಿಯರೊಬ್ಬರು ಕೇಳಿದರು. ಹೊರಗೆ ಬಂದ ಅಂಕಿ ನೋಡಿ ತಿಳಿಯಲಾಗದು, ಸ್ವಾಮಿ. ಹಾಗಾಗಿ ಕಾರ್ಯಾಚರಣ ವ್ಯವಸ್ಥೆ ಕಟ್ಟುವವರು ಇಬ್ಬರು ಅಜ್ಜಿಯರ ದಾರಿ ಹಿಡಿಯುತ್ತಾರೆ. ಫೋನಿನ ಚಿಪ್‌ನೊಳಗಿನ ವಿದ್ಯುತ್ ಗದ್ದಲ ಒಂದು ಕಡೆ, ಸಾಧನಗಳು ಕೆಲಸ ಕೇಳುವ ಕ್ಷಣಗಳ ಏರುಪೇರು ಇನ್ನೊಂದು ಕಡೆ. ಎಲ್ಲವನ್ನೂ ಬೆರೆಸಿ ಬೀಜ ಮಾಡುತ್ತಾರೆ. ಒಂದು ಮೂಲ ಕೆಟ್ಟರೂ ಇನ್ನೊಂದು ಕಾಯಲಿ ಅಂತ.

ಗುಟ್ಟು ಕಾಯುವವನನ್ನು ಇಲ್ಲಿಗೆ ಬಿಡೋಣ. ಅವನಿಗೆ ರ‍್ಯಾಂಡಮ್ ಇಲ್ಲದೆ ಬದುಕಿಲ್ಲ. ಲೆಕ್ಕದವನಿಗೆ ಕೊನೆಯಲ್ಲಿ ಕವಡೆ ಬೇಕೇ ಬೇಕಾ? ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಬೇಗ ನೋಡಲು 1970ರ ದಶಕದಲ್ಲಿ ಸಿಕ್ಕ ವಿಧಾನಗಳೆಲ್ಲ ಕವಡೆ ಹಾಕುವಂಥವು. ಮಿಲ್ಲರ್-ರಾಬಿನ್ ಪರೀಕ್ಷೆಯಲ್ಲಿ ಒಂದು ಸುತ್ತಿಗೆ ತಪ್ಪುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಇಲ್ಲ. ಸುತ್ತು ಹೆಚ್ಚಿಸುತ್ತಾ ಹೋದರೆ ಸಂದೇಹ ಕರಗುತ್ತದೆ. ಕವಡೆ ಇಲ್ಲದೆ ಆಗದೇನೋ ಅಂತ ಅನ್ನಿಸಿತ್ತು. 2002ರ ಆಗಸ್ಟ್‌ನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ಆಗಷ್ಟೇ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಆ ಕವಡೆಯನ್ನು ತೆಗೆದು ಪಕ್ಕಕ್ಕಿಟ್ಟರು. ಅವರ ಪರೀಕ್ಷೆ ಶುರುವಾದದ್ದು ನಾನು ಹಲಗೆ ಮೇಲೆ ಬರೆದಂಥ ಒಂದು ಸಮೀಕರಣದ ತಾಳೆಯಿಂದಲೇ. ನೀರಜ್ ಕಯಾಲ್ ಆಮೇಲೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಇದೇ ಜಾಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು.

ರಸೆಲ್ ಇಂಪಾಲಿಯಾಝೋ ಮತ್ತು ಆವಿ ವಿಗ್ಡರ್‌ಸನ್ 1997ರಲ್ಲಿ ಇನ್ನೂ ದೊಡ್ಡದನ್ನು ಹೇಳಿದರು. ಕೆಲವು ಲೆಕ್ಕಗಳು ನಾವು ನಂಬಿರುವಷ್ಟು ನಿಜವಾಗಿಯೂ ಕಷ್ಟವಾಗಿದ್ದರೆ, ಲೆಕ್ಕದವನು ಎಲ್ಲ ಕಡೆ ಕವಡೆ ಬಿಟ್ಟುಬಿಡಬಹುದು. ಕಷ್ಟದ ಲೆಕ್ಕದಿಂದಲೇ ಕವಡೆಯಂತೆ ಕಾಣುವ ಸಾಲನ್ನು ಹೊಸೆಯಬಹುದು. ಎದುರಿಗಿರುವ ಅಲ್ಗಾರಿದಮ್‌ಗೆ ಅದನ್ನು ಗುರುತಿಸುವಷ್ಟು ಪುರುಸೊತ್ತು ಇರುವುದಿಲ್ಲ. ವಿಗ್ಡರ್‌ಸನ್ ಅವರಿಗೆ 2023ರ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಲೆಕ್ಕದಲ್ಲಿ ರ‍್ಯಾಂಡಮ್‌ನ ಪಾತ್ರವನ್ನು ತಿಳಿಸಿಕೊಟ್ಟದ್ದಕ್ಕೆ. 2021ರಲ್ಲಿ ನೂತನ್ ಲಿಮಯೆ, ಶ್ರೀಕಾಂತ್ ಶ್ರೀನಿವಾಸನ್ ಮತ್ತು ಸೆಬಾಸ್ಟಿಯನ್ ತಾವೆನಾ ಸೇರಿ, ಆಳ ಕಡಿಮೆ ಇರುವ, ಅಂದರೆ ಆವರಣದೊಳಗೆ ಆವರಣ ಕೆಲವೇ ಪದರ ಇರುವ, ಬೀಜಗಣಿತದ ಸೂತ್ರಗಳಿಗೆ ಕೆಲವು ಲೆಕ್ಕ ನಿಜಕ್ಕೂ ಕಷ್ಟ ಎಂದು ಸಾಧಿಸಿದರು. ಕೂಡಲೇ ಅಂಥ ಸೂತ್ರಗಳನ್ನು ಕವಡೆ ಇಲ್ಲದೆ ತಾಳೆ ನೋಡುವ ದಾರಿಯೂ ಸ್ವಲ್ಪ ತೆರೆಯಿತು.

ಪೂರ್ತಿ ತೆರೆದಿಲ್ಲ. ಹಲಗೆ ಮೇಲಿನ ಆ ಸಮೀಕರಣವನ್ನು ಇನ್ನೊಮ್ಮೆ ನೋಡಿ. ನಾನು 10 ಇಟ್ಟು ನೋಡುವವರಿಗೆ ಮೋಸ ಮಾಡಿದೆ. 10 ಮತ್ತು 11, ಎರಡನ್ನೂ ಇಟ್ಟು ನೋಡುವವರಿಗೆ ಬೇರೆ ಮೋಸ ಮಾಡಬಲ್ಲೆ. ಆದರೆ ನಾನು ಬರೆಯುವ ಸೂತ್ರ ಇಷ್ಟು ಉದ್ದದ ಒಳಗಿರಬೇಕು ಅಂತ ನೀವು ಮಿತಿ ಹಾಕಿದರೆ, ಸೂತ್ರದಲ್ಲಿ ಎಷ್ಟೇ ಅಕ್ಷರಗಳಿದ್ದರೂ ನನ್ನ ಎಲ್ಲ ಮೋಸವನ್ನೂ ಹಿಡಿಯುವ ಒಂದು ಚಿಕ್ಕ ಪಟ್ಟಿ ಇದ್ದೇ ಇದೆ. ಅದನ್ನು ಗೋಡೆಗೆ ಅಂಟಿಸಿ ನನಗೆ ಮೊದಲೇ ತೋರಿಸಿದರೂ ನಾನು ತಪ್ಪಿಸಿಕೊಳ್ಳಲಾರೆ. ಕವಡೆ ಹಾಕಿ ಮಾಡಿದ ಪಟ್ಟಿಗಳಲ್ಲಿ ಬಹುಪಾಲು ಎಲ್ಲವೂ ಅಂಥವೇ ಎಂದು ಸಾಧಿಸಿಯೂ ಆಗಿದೆ. ಆದರೂ ಕವಡೆ ಮುಟ್ಟದೆ ಅಂಥ ಒಂದೇ ಒಂದು ಪಟ್ಟಿಯನ್ನು ಬೇಗ ಬರೆದುಕೊಡುವುದು ಇವತ್ತಿನವರೆಗೂ ಯಾರಿಗೂ ಆಗಿಲ್ಲ.